ನೀವು ಖಾಲಿ ಬಿಟ್ಟ ಆ ಕಾಲಂ

ಇರಾನಿನ ಕಾನೂನು ವೈದ್ಯಕೀಯ ಸಂಸ್ಥೆಯ ಅಧಿಕಾರಿಗಳಿಗೆ,
ತೆಹರಾನ್

ಮಾನ್ಯರೇ,

ನಾನು ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದವನು. ಎಸ್‌ಡಿಎ ಆಗಿ ಸೇರಿ ಎಫ್‌ಡಿಎ ಆಗಿ ನಿವೃತ್ತನಾದೆ. ಪೋಸ್ಟ್ ಮಾರ್ಟಂ ರಿಜಿಸ್ಟರು, ಮರಣದ ಫಾರಂಗಳು ಬಹಳ ವರ್ಷ ನನ್ನ ಮೇಜಿನ ಮೇಲೇ ಇದ್ದವು. ನಾನು ಡಾಕ್ಟರಲ್ಲ. ಡಾಕ್ಟರು ಬರೆದದ್ದನ್ನು ಓದಿ, ನಕಲು ಮಾಡಿ, ಮೊಹರು ಒತ್ತಿ ಕೊಡುತ್ತಿದ್ದವನು, ಅಷ್ಟೆ.

ಈ ಪತ್ರ ನಿಮ್ಮ ಕೈ ಸೇರುತ್ತದೆ ಅನ್ನುವ ಭ್ರಮೆ ನನಗಿಲ್ಲ. ಕನ್ನಡ ಓದುವವರು ನಿಮ್ಮ ಕಚೇರಿಯಲ್ಲಿ ಇರಲಿಕ್ಕಿಲ್ಲ. ಆದರೂ ಮಹ್ಸಾ ಅಮೀನಿ ಅನ್ನುವ ಹುಡುಗಿಯ ಸಾವಿನ ಬಗ್ಗೆ ನೀವು ಕೊಟ್ಟ ವರದಿಯ ವಿಷಯವಾಗಿ ನಿಮಗೇ ಬರೆಯುತ್ತಿದ್ದೇನೆ. ಇರಾನಿನ ಬಗ್ಗೆ ಪತ್ರ ಬರೆಯುವವರೆಲ್ಲ ದೊಡ್ಡವರಿಗೆ ಬರೆಯುತ್ತಾರೆ. ಅಧ್ಯಕ್ಷರಿಗೆ, ಪರಮೋಚ್ಚ ನಾಯಕರಿಗೆ, ವಿಶ್ವಸಂಸ್ಥೆಗೆ. ಹೆಣಗಳ ಪರೀಕ್ಷೆ ಮಾಡಿ ಫಾರಂ ತುಂಬುವ ನಿಮ್ಮಂಥ ಕಚೇರಿಯನ್ನು ಯಾರೂ ಕೇಳುವುದಿಲ್ಲ. ನನಗೆ ಗೊತ್ತಿರುವುದು ಫಾರಂ ಒಂದೇ.

ಒಂದು ಮಾತು. ನಮ್ಮ ಕಚೇರಿ ಕನ್ನಡದಲ್ಲಿ ಎಷ್ಟೊಂದು ಪದಗಳು ನಿಮ್ಮ ಕಡೆಯಿಂದ ಬಂದವು ಗೊತ್ತಾ? ದಫ್ತರ, ತಾರೀಖು, ಮೊಹರು, ಮಹಜರು, ಗುಮಾಸ್ತ. ಎಲ್ಲ ಫಾರ್ಸಿಯ ದಾರಿ ಹಿಡಿದು ಬಂದು ಇಲ್ಲೇ ನೆಲೆ ನಿಂತವು. ನಿಮ್ಮ ಸಂಸ್ಥೆಯನ್ನು ನಿಮ್ಮ ಜನ ‘ಪೆಜೆಶ್ಕಿ ಕಾನೂನಿ’ ಅನ್ನುತ್ತಾರಂತೆ. ಅದರೊಳಗಿನ ಕಾನೂನು ನಮ್ಮ ಕಾನೂನೇ. ಹಾಗಾಗಿ ನಿಮ್ಮ ಕಚೇರಿ ನನಗೆ ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ.

ನಮ್ಮಲ್ಲಿ ಆಸ್ಪತ್ರೆಯಲ್ಲಿ ಸತ್ತವರಿಗೆ ಫಾರಂ ನಂಬರ್ 4 ಅಂತ ಇದೆ. ಅದರಲ್ಲಿ ಸಾವಿಗೆ ಕಾರಣ ಬರೆಯಲು ಒಂದರ ಕೆಳಗೊಂದು ಗೆರೆಗಳಿವೆ. ಮೇಲಿನ ಗೆರೆಯಲ್ಲಿ ತಕ್ಷಣದ ಕಾರಣ. ಅದಕ್ಕೆ ಏನು ಕಾರಣ, ಅದು ಕೆಳಗಿನ ಗೆರೆ. ಅದಕ್ಕೂ ಏನು ಕಾರಣ, ಇನ್ನೂ ಕೆಳಗೆ. ಹೊಸದಾಗಿ ಬಂದ ಡಾಕ್ಟರುಗಳು ‘ಹೃದಯ ನಿಂತು ಸಾವು’ ಅಂತ ಒಂದೇ ಗೆರೆ ಬರೆದು ಸಹಿ ಹಾಕುತ್ತಿದ್ದರು. ನಮ್ಮ ಹಿರಿಯ ಸಾಹೇಬರೊಬ್ಬರು ಫಾರಂ ವಾಪಸ್ ಎಸೆಯುತ್ತಿದ್ದರು. “ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ ರೀ? ಯಾಕೆ ನಿಂತಿತು, ಅದನ್ನ ಬರೀರಿ.” ಹಾಗೆ ಬರೆಯಬೇಡಿ ಅಂತ ಫಾರಂನಲ್ಲೇ ಅಚ್ಚು ಮಾಡಿರುತ್ತದೆ. ಓದುವವರು ಕಡಿಮೆ.

2022ರ ಸೆಪ್ಟೆಂಬರ್ 13ರಂದು ತೆಹರಾನಿನಲ್ಲಿ ಮಹ್ಸಾ ಅಮೀನಿ ಅನ್ನುವ 22 ವರ್ಷದ ಹುಡುಗಿಯನ್ನು ನಿಮ್ಮ ನೈತಿಕ ಪೊಲೀಸರು ಹಿಡಿದರು. ಹಿಜಾಬ್ ಸರಿಯಾಗಿಲ್ಲ ಅಂತ. ಅವಳು ಕುರ್ದಿಸ್ತಾನ ಪ್ರಾಂತ್ಯದ ಸಖೆಜ್ ಊರಿನವಳು, ತಮ್ಮನ ಜೊತೆ ರಾಜಧಾನಿಗೆ ಬಂದಿದ್ದಳು. ವೊಜಾರಾ ಬೀದಿಯ ಠಾಣೆಯಲ್ಲಿ ಕುಸಿದು ಬಿದ್ದಳು. ಕಸ್ರಾ ಆಸ್ಪತ್ರೆಯಲ್ಲಿ 16ನೇ ತಾರೀಖು ತೀರಿಕೊಂಡಳು. ಪೊಲೀಸರು ಮೊದಲು ಹೇಳಿದ್ದು ಅದೇ, ಹೃದಯ. ಕುಸಿದು ಬೀಳುವ ಸಿಸಿಟಿವಿ ತುಣುಕನ್ನು ಟಿವಿಯಲ್ಲಿ ಬಿಟ್ಟರು. ವ್ಯಾನಿನೊಳಗೆ ಏನಾಯಿತು ಅನ್ನುವುದಕ್ಕೆ ತುಣುಕಿಲ್ಲ.

ಅಕ್ಟೋಬರ್ 7ಕ್ಕೆ ನಿಮ್ಮ ವರದಿ ಬಂತು. ಪತ್ರಿಕೆಗಳಲ್ಲಿ ಅದರ ಸಾರಾಂಶವನ್ನು ನಾನು ಮೂರು ಸಲ ಓದಿದೆ, ಹಳೇ ಅಭ್ಯಾಸ. ಬಹಳ ಅಂಗಗಳು ಕೈಕೊಟ್ಟವು. ಯಾಕೆ? ಮಿದುಳಿಗೆ ಆಮ್ಲಜನಕ ಸಿಗಲಿಲ್ಲ. ಯಾಕೆ? ಎಂಟು ವರ್ಷದವಳಿದ್ದಾಗ ಆದ ಮಿದುಳಿನ ಆಪರೇಷನ್ನಿನಿಂದ ಬಂದ ತೊಂದರೆ. ಹಾಗೆ ಬರೆದಿದ್ದಿರಿ. ತಲೆಗೆ, ಮುಖ್ಯ ಅಂಗಗಳಿಗೆ ಬಿದ್ದ ಪೆಟ್ಟಿನಿಂದ ಈ ಸಾವು ಆಗಿಲ್ಲ ಅಂತಲೂ ಬರೆದಿದ್ದಿರಿ. ಸರಿ, ಗೆರೆಗಳು ತುಂಬಿವೆ. ಆದರೆ ಪೆಟ್ಟು ಬಿದ್ದಿತ್ತೇ, ಇಲ್ಲವೇ? ಮೈಮೇಲೆ ಗಾಯ ಇತ್ತೇ, ಇರಲಿಲ್ಲವೇ? ಜನರ ಮುಂದೆ ಇಟ್ಟ ಆ ವರದಿಯಲ್ಲಿ ಇದಕ್ಕೆ ಉತ್ತರವೇ ಇಲ್ಲ.

ಮಾನ್ಯರೇ, ನಿಮಗೆ ನಾನು ಹೇಳಿಕೊಡಬೇಕಾ? ಹೆಣವನ್ನು ಕೊಯ್ಯುವ ಮೊದಲು ಡಾಕ್ಟರು ತುಂಬುವ ಕಾಲಂ ಅದು, ‘ಹೊರಗಿನ ಗಾಯಗಳು’. ಇದ್ದರೆ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ. ಇಲ್ಲದಿದ್ದರೆ ‘ಇಲ್ಲ’. ‘ಇಲ್ಲ’ ಅಂತ ಬರೆಯಲು ಎರಡು ಅಕ್ಷರ ಸಾಕು. ಅವಳ ಅಪ್ಪ ಮಗಳ ಕಾಲಿನ ಮೇಲೆ ಕಂದಿದ ಗುರುತು ನೋಡಿದ್ದಾಗಿ ಹೇಳಿದರು. ಶವಪರೀಕ್ಷೆಯ ವರದಿ ನೋಡಲು ತಮಗೇ ಬಿಡಲಿಲ್ಲ ಅಂದರು. ಸ್ವತಂತ್ರ ಡಾಕ್ಟರುಗಳಿಂದ ಪರೀಕ್ಷೆ ಮಾಡಿಸಿ ಅಂತ ಕೇಳಿದ ವಕೀಲ ಸಾಲೇ ನಿಕ್ಬಖ್ತ್ ಅವರಿಗೆ ಆಮೇಲೆ ಒಂದು ವರ್ಷ ಜೈಲು ಶಿಕ್ಷೆ ಆಯಿತು. ಪತ್ರಿಕೆಗಳ ಜೊತೆ ಮಾತಾಡಿದ್ದು ‘ಅಪಪ್ರಚಾರ’ ಅಂತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅಪ್ಪ ಅಮ್ಮ ತಬ್ಬಿಕೊಂಡು ನಿಂತಿದ್ದ ಫೋಟೊ ತೆಗೆದ ನಿಲೂಫರ್ ಹಮೇದಿ, ಸಖೆಜ್‌ಗೆ ಹೋಗಿ ಮಣ್ಣು ಮಾಡಿದ್ದನ್ನು ವರದಿ ಮಾಡಿದ ಎಲಾಹೆ ಮೊಹಮ್ಮದಿ, ಇಬ್ಬರೂ ಒಳಗೆ ಹೋದರು. 2023ರಲ್ಲಿ ಒಬ್ಬರಿಗೆ 13 ವರ್ಷ, ಇನ್ನೊಬ್ಬರಿಗೆ 12 ವರ್ಷ ಅಂತ ತೀರ್ಪಾಯಿತು. ಮುಂದೆ ಜಾಮೀನಿನ ಮೇಲೆ ಬಂದರು ಅನ್ನಿ. ಒಂದು ಕಾಲಂ ಖಾಲಿ ಉಳಿಸಲು ಎಷ್ಟು ಜನರನ್ನು ಒಳಗೆ ಹಾಕಬೇಕಾಯಿತು, ನೋಡಿ.

2024ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ ಕಸ್ಟಡಿಯಲ್ಲಿ ನಡೆದ ಹೊಡೆತದಿಂದಲೇ ಸಾವು ಅಂದಿತು. ನಿಮ್ಮ ಸರ್ಕಾರ ತಳ್ಳಿಹಾಕಿತು. ಆ ತಂಡವನ್ನು ನಿಮ್ಮ ಸರ್ಕಾರ ದೇಶದೊಳಗೆ ಬಿಟ್ಟಿರಲಿಲ್ಲ. ಹೊರಗೆ ನಿಂತು ಕಿಟಕಿಯಿಂದ ನೋಡಿದವರ ಮಾತು ಅಂತ ನೀವು ಹೇಳಬಹುದು. ಹಾಗಾದರೆ ಬಾಗಿಲು ಹಾಕಿದವರು ಯಾರು?

ಇಲ್ಲಿ ನನ್ನದೇ ಒಂದು ಸಂಗತಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಿಮಗೆ ಬುದ್ಧಿ ಹೇಳಲು ನಾನ್ಯಾರು ಅನ್ನಿಸುತ್ತದೆ. ಒಮ್ಮೆ ಲಾಕಪ್ಪಿನಿಂದ ಒಬ್ಬ ಹುಡುಗನ ಹೆಣ ಬಂತು. ಡಾಕ್ಟರು ಕಚ್ಚಾ ಹಾಳೆಯಲ್ಲಿ ಪೆನ್ಸಿಲಿನಿಂದ ಗಾಯಗಳನ್ನು ಬರೆದಿದ್ದರು, ಏಳು ಇದ್ದವು. ಸಂಜೆ ಒಂದು ಜೀಪು ಬಂದು ಹೋಯಿತು. ಮಾರನೇ ದಿನ ನನ್ನ ಮೇಜಿಗೆ ಬಂದ ಶುದ್ಧಪ್ರತಿಯಲ್ಲಿ ಎರಡೇ ಇದ್ದವು. ನಾನು ಏನೂ ಕೇಳಲಿಲ್ಲ. ಮೊಹರು ಒತ್ತಿದೆ. ವಾರದ ಮೇಲೆ ಹುಡುಗನ ತಾಯಿ ನಕಲು ಕೇಳಿಕೊಂಡು ಬಂದಳು. ಓದು ಬರುತ್ತಿರಲಿಲ್ಲ. “ಏನಂತ ಬರ್ದಾರ್ರೀ ಅಪ್ಪಾ, ಸ್ವಲ್ಪ ಓದಿ ಹೇಳ್ರಿ” ಅಂದಳು. ನಾನು ಸಾವಿನ ಕಾರಣದ ಗೆರೆ ಮಾತ್ರ ಓದಿದೆ. ಗಾಯದ ಕಾಲಂ ಓದಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿ ಹಾಳೆ ಮಡಚಿ ಸೆರಗಿನ ಗಂಟಿನಲ್ಲಿಟ್ಟುಕೊಂಡಳು.

ಆದ್ದರಿಂದ ನಿಮ್ಮ ವರದಿಯಲ್ಲಿ ಏನಿಲ್ಲ ಅನ್ನುವುದು ನನಗೆ ಬೇಗ ಕಂಡಿತು.

ಬೇರೆ ಕಡತಗಳನ್ನೂ ಹಾಗೇ ಓದುತ್ತಾ ಹೋದೆ. 2003ರಲ್ಲಿ ಎವಿನ್ ಜೈಲಿನ ಹೊರಗೆ ಫೋಟೊ ತೆಗೆಯುತ್ತಿದ್ದ ಇರಾನಿ-ಕೆನಡಾ ಪತ್ರಕರ್ತೆ ಜಹ್ರಾ ಕಾಜೆಮಿಯನ್ನು ಹಿಡಿದರು. ಜುಲೈನಲ್ಲಿ ಕಸ್ಟಡಿಯಲ್ಲೇ ಸತ್ತರು. ಮೊದಲ ಕಾರಣ, ಪಾರ್ಶ್ವವಾಯು. ಆಮೇಲೆ ತಲೆಬುರುಡೆ ಒಡೆದಿದೆ ಅಂತ ಸರ್ಕಾರವೇ ಒಪ್ಪಿತು. ಮುಂದಿನ ವರ್ಷ ನ್ಯಾಯಾಂಗ ಮೂರನೇ ಕಾರಣ ಕೊಟ್ಟಿತು. ಉಪವಾಸ ಕೂತಿದ್ದರಿಂದ ಬಿಪಿ ಇಳಿದು ಬಿದ್ದು ತಲೆಗೆ ಪೆಟ್ಟಾಯಿತಂತೆ. ಇಪ್ಪತ್ತು ವರ್ಷ ಬಿಟ್ಟು 2023ರ ಅಕ್ಟೋಬರ್‌ನಲ್ಲಿ ಅರ್ಮಿತಾ ಗೆರಾವಂದ್ ಅನ್ನುವ ಶಾಲಾ ಹುಡುಗಿ ತೆಹರಾನ್ ಮೆಟ್ರೊದಲ್ಲಿ ಕುಸಿದಳು, ತಿಂಗಳ ಕೊನೆಗೆ ತೀರಿಕೊಂಡಳು. ಕಾರಣ? ಬಿಪಿ ಇಳಿಯಿತು, ಬಿದ್ದಳು, ತಲೆಗೆ ಪೆಟ್ಟಾಯಿತು. ಪ್ಲಾಟ್‌ಫಾರಂನ ವಿಡಿಯೊ ಇತ್ತು, ಬೋಗಿಯೊಳಗಿನದು ಇರಲಿಲ್ಲ. ಗುಮಾಸ್ತರು ಹಳೇ ಫಾರಂ ನೋಡಿ ಹೊಸದು ತುಂಬುವುದುಂಟು. ನಾನೂ ಮಾಡಿದ್ದೇನೆ. ಆದರೆ ಹೆಸರು, ತಾರೀಖು ಬಿಟ್ಟು ಬೇರೇನೂ ಬದಲಾಗದಿದ್ದರೆ ಓದುವವರಿಗೆ ಅನುಮಾನ ಬರುತ್ತದೆ ಅಲ್ವಾ?

ನಿಕಾ ಶಕರಮಿಯ ವಿಷಯ ಇನ್ನೂ ವಿಚಿತ್ರ. 16 ವರ್ಷದವಳು. 2022ರ ಸೆಪ್ಟೆಂಬರ್‌ನಲ್ಲಿ, ಮಹ್ಸಾಳ ಸಾವಿನ ವಿರುದ್ಧ ಎದ್ದ ಪ್ರತಿಭಟನೆಗೆ ಹೋದವಳು ಸಿಕ್ಕಿದ್ದು ಶವಾಗಾರದಲ್ಲಿ. ಎತ್ತರದಿಂದ ಬಿದ್ದಿದ್ದಾಳೆ ಅಂತ ಅಧಿಕಾರಿಗಳು ಹೇಳಿದರು. ತೆಹರಾನಿನ ಸ್ಮಶಾನದವರು ಕೊಟ್ಟ ಮರಣ ಪ್ರಮಾಣಪತ್ರವೊಂದು ಬಿಬಿಸಿ ಪರ್ಷಿಯನ್ ಕೈಗೆ ಸಿಕ್ಕಿತು. ಅದರಲ್ಲಿ ಗಟ್ಟಿ ವಸ್ತುವಿನ ಹೊಡೆತಗಳಿಂದಾದ ಗಾಯಗಳು ಅಂತ ಇತ್ತು. ಅವಳ ಚಿಕ್ಕಮ್ಮ ಮತ್ತು ಮಾವನನ್ನು ಟಿವಿ ಮುಂದೆ ಕೂರಿಸಿ ಸರ್ಕಾರದ ಮಾತನ್ನೇ ಹೇಳಿಸಿದರು. ಬಲವಂತ ಮಾಡಿ ಹೇಳಿಸಿದ್ದು ಅಂತ ತಾಯಿ ಅಂದರು. ಒಂದೇ ಹೆಣಕ್ಕೆ ಎರಡು ಕಾಗದ. ನಮ್ಮ ಕಚೇರಿಯಲ್ಲಿ ಹೀಗಾಗಿದ್ದರೆ ಮೊದಲು ನನಗೆ ಮೆಮೊ ಬರುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ನಿಮ್ಮ ಕಚೇರಿಗೆ ನಿಜ ಬರೆಯಲು ಬರುತ್ತದೆ. ಒಮ್ಮೆ ಬರೆದಿದ್ದೀರಿ. 2009ರ ಚುನಾವಣೆಯ ಗಲಾಟೆಯಲ್ಲಿ ಹಿಡಿದ ಹುಡುಗರನ್ನು ತೆಹರಾನಿನ ದಕ್ಷಿಣಕ್ಕಿರುವ ಕಹ್ರಿಜಾಕ್ ಬಂದೀಖಾನೆಯಲ್ಲಿ ತುಂಬಿದರು. ಮೊಹ್ಸೆನ್ ರೂಹೊಲಮೀನಿ ಅನ್ನುವ ಯುವಕ ಸತ್ತ. ಮೆನಿಂಜೈಟಿಸ್ ಅಂದರು, ಅಂದರೆ ಮಿದುಳು ಜ್ವರ. ಅವನ ಅಪ್ಪ ಸರ್ಕಾರದ ಪರವಾಗಿದ್ದ ಸಂಪ್ರದಾಯವಾದಿಗಳ ಪೈಕಿ ದೊಡ್ಡವರು, ಸುಮ್ಮನೆ ಬಿಡಲಿಲ್ಲ. ಆ ವರ್ಷದ ಬೇಸಿಗೆ ಮುಗಿಯುವಷ್ಟರಲ್ಲಿ ನಿಮ್ಮ ವರದಿ ನಿಮ್ಮದೇ ಸುದ್ದಿಸಂಸ್ಥೆಯಲ್ಲಿ ಬಂತು. ಕೂಡಿಹಾಕಿದ ಕೆಟ್ಟ ಸ್ಥಿತಿ, ಮತ್ತೆ ಮತ್ತೆ ಬಿದ್ದ ಹೊಡೆತ, ಮೈಮೇಲಿನ ತೀವ್ರ ಗಾಯ. ಮೆನಿಂಜೈಟಿಸ್ ಇಲ್ಲ. ಆ ಬಂದೀಖಾನೆಯನ್ನು ಅಷ್ಟರಲ್ಲೇ ಮುಚ್ಚಿಸಿದ್ದರು. ಆಗ ತೆಹರಾನಿನ ಪ್ರಾಸಿಕ್ಯೂಟರ್ ಆಗಿದ್ದ ಸಯೀದ್ ಮೊರ್ತಜವಿಗೆ 2017ರಲ್ಲಿ ಎರಡು ವರ್ಷ ಶಿಕ್ಷೆಯಾಯಿತು. ತಡವಾಯಿತು, ಕಡಿಮೆಯಾಯಿತು, ನಿಜ. ಆದರೂ ಒಂದು ಕಾಲಂ ಸರಿಯಾಗಿ ತುಂಬಿದ್ದರಿಂದ ಇಷ್ಟಾಯಿತು.

ಅದಕ್ಕೆ ತೆತ್ತ ಬೆಲೆಯೂ ಗೊತ್ತು. ಕಹ್ರಿಜಾಕ್‌ನ ಬಂದಿಗಳಿಗೆ ಚಿಕಿತ್ಸೆ ಕೊಟ್ಟಿದ್ದ ರಾಮಿನ್ ಪುರಂದರ್ಜಾನಿ ಅನ್ನುವ 26 ವರ್ಷದ ಡಾಕ್ಟರು ಅದೇ ನವೆಂಬರ್‌ನಲ್ಲಿ ಸತ್ತರು. ಒಮ್ಮೆ ಹೃದಯಾಘಾತ ಅಂದರು, ಒಮ್ಮೆ ಆತ್ಮಹತ್ಯೆ ಅಂದರು, ಕೊನೆಗೆ ಊಟದ ಸಲಾಡ್‌ನಲ್ಲಿ ಬಿಪಿ ಮಾತ್ರೆಯ ವಿಷ ಸಿಕ್ಕಿತು ಅಂದರು. ನಿಮ್ಮಲ್ಲಿ ಪೆನ್ನು ಹಿಡಿದು ಕೂತ ಡಾಕ್ಟರುಗಳಿಗೆ ಈ ಹೆಸರು ನೆನಪಿರದೇ ಇರುತ್ತದೆಯೇ? ನಾನು ಒಂದು ಜೀಪಿಗೆ ಹೆದರಿದವನು. ಅವರನ್ನು ಹೇಡಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ನಿಮ್ಮ ಸರ್ಕಾರದ ದೂರಿನ ಬಗ್ಗೆ. ಹೊರಗಿನವರು ಸುಳ್ಳು ಹಬ್ಬಿಸುತ್ತಾರೆ ಅಂತ ಯಾವಾಗಲೂ ಹೇಳುತ್ತಾರೆ. ಹಬ್ಬಿಸುತ್ತಾರೆ, ಆ ದೂರು ಸುಳ್ಳಲ್ಲ. 2022ರ ನವೆಂಬರ್‌ನಲ್ಲಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಒಂದು ಚಿತ್ರ ಬಂತು. ಇರಾನ್ 15,000 ಪ್ರತಿಭಟನಕಾರರಿಗೆ ಮರಣದಂಡನೆ ವಿಧಿಸಿದೆ ಅಂತ. ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಕೂಡ ಹಾಗೇ ಬರೆದು ಆಮೇಲೆ ಅಳಿಸಿದರು ಅಂತ ತಿಳಿದಾಗ ಸ್ವಲ್ಪ ಸಮಾಧಾನ ಆಯಿತು ಅನ್ನಿ. ನಡೆದದ್ದೇನು? ಸಂಸತ್ತಿನ 290 ಸದಸ್ಯರಲ್ಲಿ 227 ಜನ ಕಠಿಣ ಶಿಕ್ಷೆ ಕೊಡಿ ಅಂತ ಒತ್ತಾಯಿಸಿದ್ದರು. ಬಂಧನದಲ್ಲಿದ್ದವರ ಅಂದಾಜು ಲೆಕ್ಕವನ್ನು ಯಾರೋ ಇದಕ್ಕೆ ಅಂಟಿಸಿದ್ದರು. ಆ ಸುಳ್ಳು ಬಿದ್ದುಹೋದ ಕೆಲವೇ ವಾರಗಳಲ್ಲಿ, ಡಿಸೆಂಬರ್ 8ಕ್ಕೆ, ಮೊಹ್ಸೆನ್ ಶೆಕಾರಿ ಅನ್ನುವ ಪ್ರತಿಭಟನಕಾರನನ್ನು ನಿಜವಾಗಿ ಗಲ್ಲಿಗೇರಿಸಿದರು. ಅಷ್ಟರಲ್ಲಿ ನಮ್ಮ ಗುಂಪಿನಲ್ಲಿ ಇರಾನಿನ ಸುದ್ದಿ ಅಂದರೆ ‘ಫೇಕ್ ಇರಬೇಕು ಬಿಡು’ ಅನ್ನುವ ಹಾಗಾಗಿತ್ತು. ಆ ಹುಡುಗನ ಸಾವು ಯಾರಿಗೂ ನಾಟಲಿಲ್ಲ.

ಹಾಗೆಯೇ 2009ರ ಜೂನ್ 20ರಂದು ತೆಹರಾನಿನ ಬೀದಿಯಲ್ಲಿ ಗುಂಡು ತಗುಲಿ ಸತ್ತ ನೆದಾ ಆಗಾ-ಸೊಲ್ತಾನ್. ಅವಳದೆಂದು ಜಗತ್ತಿನ ಪತ್ರಿಕೆಗಳು ಹಾಕಿದ ಫೋಟೊ ಬೇರೆ ಯಾರದೋ. ಹೆಸರು ಹತ್ತಿರ ಇತ್ತು ಅಂತ ಬದುಕಿದ್ದ ಒಬ್ಬ ಅಧ್ಯಾಪಕಿಯ ಫೇಸ್‌ಬುಕ್ ಚಿತ್ರ ಎತ್ತಿಕೊಂಡಿದ್ದರು. ತಪ್ಪು ಅಂತ ಅವರು ಹೇಳಿದರೂ ಹೊರಗಿನವರು ಕೇಳಲಿಲ್ಲ. ನಿಮ್ಮ ಗುಪ್ತಚರರೋ, ನೆದಾ ಸತ್ತೇ ಇಲ್ಲ ಅಂತ ತೋರಿಸಲು ಅವರನ್ನೇ ಬಳಸಲು ನೋಡಿದರು. ಆ ಹೆಣ್ಣುಮಗಳು ದೇಶ ಬಿಟ್ಟು ಓಡಬೇಕಾಯಿತು. ಎರಡೂ ಕಡೆಯವರು ಸೇರಿ ಒಂದು ಜೀವನ ಹಾಳು ಮಾಡಿದರು.

ಆದರೆ ಸುಳ್ಳು ಲೆಕ್ಕ ಹೊರಗಿನವರು ತಂದ ಕಾಯಿಲೆ ಅಂತ ಮಾತ್ರ ಹೇಳಬೇಡಿ. 1978ರ ಸೆಪ್ಟೆಂಬರ್ 8ರಂದು ತೆಹರಾನಿನ ಜಾಲೆ ಚೌಕದಲ್ಲಿ ಆಗಿನ ದೊರೆ ಶಾನ ಸೈನಿಕರು ಗುಂಡು ಹಾರಿಸಿದಾಗ ಸಾವಿರಾರು ಜನ ಸತ್ತರು ಅಂತ ಊರೆಲ್ಲ ನಂಬಿತು. ಶಾ ಸರ್ಕಾರ ನೂರರೊಳಗಿನ ಲೆಕ್ಕ ಕೊಟ್ಟಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಳ್ಳು ಹೇಳಿ ಹೇಳಿ ಹೆಸರು ಕೆಡಿಸಿಕೊಂಡವರ ಮಾತು ಯಾರು ನಂಬುತ್ತಾರೆ? ಬಹಳ ವರ್ಷದ ಮೇಲೆ ಎಮಾದೆದ್ದೀನ್ ಬಾಘಿ ಅನ್ನುವವರು ನಿಮ್ಮ ಹುತಾತ್ಮರ ಪ್ರತಿಷ್ಠಾನದ ಕಡತಗಳಲ್ಲೇ ಹುಡುಕಿ ಎಣಿಸಿದರು. ಅಂದು ಸತ್ತವರು ನೂರರ ಒಳಗೇ ಇದ್ದರು. ಇಡೀ ಕ್ರಾಂತಿಯ ಲೆಕ್ಕ 3,000ದ ಆಸುಪಾಸು. ನಿಮ್ಮ ಸಂವಿಧಾನದ ಪೀಠಿಕೆಯಲ್ಲಿ ಇವತ್ತಿಗೂ 60,000ಕ್ಕೂ ಹೆಚ್ಚು ಹುತಾತ್ಮರು ಅಂತ ಇದೆ. ಬಾಘಿ ಬೇರೆ ಬರಹಗಳಿಗಾಗಿ ಜೈಲಿಗೂ ಹೋಗಿಬಂದರು.

ಶಾ ಕಾಲದ ಆ ಗತಿ ಈಗ ನಿಮಗೆ ಬಂದಿದೆ. 2019ರ ನವೆಂಬರ್‌ನಲ್ಲಿ ಪೆಟ್ರೋಲ್ ದರ ಏರಿದಾಗ ಜನ ಬೀದಿಗಿಳಿದರು. ಸುಮಾರು ಒಂದು ವಾರ ಇಂಟರ್ನೆಟ್ ಕಡಿದರು. ಸತ್ತವರೆಷ್ಟು? ಅಮ್ನೆಸ್ಟಿ ಕನಿಷ್ಠ 304 ಅಂದಿತು, ರಾಯ್ಟರ್ಸ್ ಸುಮಾರು 1,500 ಅಂದಿತು, ನಿಮ್ಮ ಗೃಹ ಸಚಿವರು ಆರು ತಿಂಗಳ ಮೇಲೆ ಇನ್ನೂರು ಚಿಲ್ಲರೆ ಅಂದರು. 2022ರ ಪ್ರತಿಭಟನೆಗಳಲ್ಲಿ ಸತ್ತವರು ಸರ್ಕಾರದ ಪ್ರಕಾರ 200, ವಿಶ್ವಸಂಸ್ಥೆಯ ತಂಡ 551 ಅಂದಿತು, ಅದರಲ್ಲಿ 68 ಮಕ್ಕಳು. 2026ರ ಜನವರಿ 8ಕ್ಕೆ, ಜನ ಮತ್ತೆ ಬೀದಿಗಿಳಿದಿದ್ದಾಗ, ಮತ್ತೆ ಇಂಟರ್ನೆಟ್ ನಿಂತಿತು. ಸಂದಿಯಿಂದ ನುಸುಳಿ ಬಂದ ವಿಡಿಯೊಗಳಲ್ಲಿ ನಾನು ನೋಡಿದ್ದು ನಿಮ್ಮದೇ ಕೇಂದ್ರ, ಅದೇ ಕಹ್ರಿಜಾಕ್‌ನಲ್ಲಿರುವುದು. ಸಾಲಾಗಿ ಕಪ್ಪು ಚೀಲಗಳು. ಒಂದು ಪರದೆಯ ಮೇಲೆ ಸತ್ತವರ ಮುಖ ಒಂದೊಂದೇ ಬರುತ್ತಿದೆ, ಮನೆಯವರು ಗುಂಪಾಗಿ ನಿಂತು ನೋಡುತ್ತಿದ್ದಾರೆ. ನಾನು ಫೋನ್ ಆಫ್ ಮಾಡಿದೆ. ಸರ್ಕಾರ 3,117 ಅಂತ ಲೆಕ್ಕ ಕೊಟ್ಟು, ಬಹಳಷ್ಟನ್ನು ಭಯೋತ್ಪಾದಕರ ತಲೆಗೆ ಕಟ್ಟಿತು. ಹೊರಗಿನ ಗುಂಪುಗಳ ಲೆಕ್ಕ ಅದಕ್ಕಿಂತ ಬಹಳ ಜಾಸ್ತಿ.

ಇಂಟರ್ನೆಟ್ ಕಡಿಯುವುದರಲ್ಲಿ ನಮ್ಮ ದೇಶವೇನೂ ಹಿಂದೆ ಬಿದ್ದಿಲ್ಲ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಕಡಿದದ್ದು ತಿಂಗಳುಗಟ್ಟಲೆ ಬರಲಿಲ್ಲ. ನಾನು ನಿಮ್ಮನ್ನು ಎತ್ತರದಲ್ಲಿ ನಿಂತು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ.

ನಾನು ಹುಟ್ಟಿದ್ದು ರಾಯಚೂರು ಜಿಲ್ಲೆಯಲ್ಲಿ. ಮೊಹರಂ ಬಂದರೆ ಮುದಗಲ್ಲಿಗೆ ಹೋಗುತ್ತಿದ್ದೆವು. ಹಿಂದೂ, ಮುಸ್ಲಿಂ ಅಂತೇನಿಲ್ಲ, ಊರಿಗೆ ಊರೇ ಸೇರುತ್ತಿತ್ತು. ರಿವಾಯತ್ ಪದ ಹಾಡುವವರು ಕರ್ಬಲಾದ ಕಥೆ ಹಾಡುತ್ತಿದ್ದರು, ಕನ್ನಡದಲ್ಲೇ. ಪ್ರವಾದಿಯ ಮೊಮ್ಮಗ ಹುಸೇನರನ್ನು ಕೊಲ್ಲಿಸಿದ ದೊರೆ ಯಜೀದ ಗೆದ್ದ, ಆದರೂ ಕಥೆ ಅವನದಾಗಲಿಲ್ಲ. ಹುಸೇನರ ತಂಗಿ ಜೈನಬ್ ಅವನ ದರ್ಬಾರಿನಲ್ಲೇ ನಿಂತು ನಡೆದದ್ದನ್ನು ಹೇಳಿದಳು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2022ರ ನವೆಂಬರ್‌ನಲ್ಲಿ ಇಜೆ ಪಟ್ಟಣದಲ್ಲಿ ಕಾರಿನಲ್ಲಿ ಹೋಗುತ್ತಿದ್ದ ಕಿಯಾನ್ ಪೀರ್‌ಫಲಕ್ ಅನ್ನುವ ಪುಟ್ಟ ಹುಡುಗ ಗುಂಡಿಗೆ ಬಲಿಯಾದ. ಭಯೋತ್ಪಾದಕರು ಅಂತ ಸರ್ಕಾರ ಹೇಳಿತು. ಮನೆಯವರು ಹೆಣ ಕೈತಪ್ಪೀತು ಅಂತ ಹೆದರಿ ಮನೆಯಲ್ಲೇ ಐಸ್ ಇಟ್ಟು ಕಾದರು. ಅಂದರೆ, ಸತ್ತ ಮಗುವನ್ನು ಸರ್ಕಾರಿ ಶವಾಗಾರಕ್ಕೆ ಒಪ್ಪಿಸಲು ಹೆದರಿದರು. ಮಣ್ಣು ಮಾಡುವ ದಿನ ತಾಯಿ ಎದ್ದು ನಿಂತು, ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿ, ಗುಂಡು ಹಾರಿಸಿದ್ದು ಭದ್ರತಾ ಪಡೆಯವರು ಅಂದಳು. ಆ ತಾಯಿಯ ಹೆಸರೂ ಜೈನಬ್.

ನನ್ನ ಬೇಡಿಕೆ ಚಿಕ್ಕದು. ಕ್ರಾಂತಿ ಮಾಡಿ ಅಂತ ನಾನು ಕೇಳುತ್ತಿಲ್ಲ. ನಿಮ್ಮ ಕಪಾಟಿನಲ್ಲಿ 2022ರ ಸೆಪ್ಟೆಂಬರ್‌ನ ಆ ಶವಪರೀಕ್ಷೆಯ ಪೂರ್ತಿ ವರದಿ ಇದ್ದೇ ಇರುತ್ತದೆ. ಕಚೇರಿ ಅಂದಮೇಲೆ ಒಂದು ಪ್ರತಿ ಎಲ್ಲೋ ಉಳಿದಿರುತ್ತದೆ, ಅದು ನನಗೆ ಗೊತ್ತು. ಅದನ್ನು, ಸ್ಕ್ಯಾನ್ ಫಿಲ್ಮುಗಳ ಸಮೇತ, ಅವಳ ಮನೆಯವರಿಗೆ ಕೊಡಿ. ಅವರು ಯಾವ ಡಾಕ್ಟರಿಗೆ ಬೇಕೋ ತೋರಿಸಿಕೊಳ್ಳಲಿ. ಆಪರೇಷನ್ನಿನಿಂದಲೇ ಸತ್ತಳು ಅನ್ನುವುದು ನಿಜವಾದರೆ ಅದನ್ನು ಹೇಳಲು ನಿಮಗಿಂತ ಅವರ ಡಾಕ್ಟರೇ ಮೇಲು, ಜನ ನಂಬುತ್ತಾರೆ. 2020ರ ಜನವರಿ 8ರಂದು ನಿಮ್ಮ ಸೇನೆ ಉಕ್ರೇನಿನ ವಿಮಾನ ಹೊಡೆದು 176 ಜನ ಸತ್ತಾಗ ಮೂರು ದಿನ ತಾಂತ್ರಿಕ ದೋಷ ಅಂದಿರಿ, 11ಕ್ಕೆ ಒಪ್ಪಿದಿರಿ. ಅಲ್ಲಿ ಕೆನಡಾ ಕೇಳುತ್ತಿತ್ತು, ಉಕ್ರೇನ್ ಕೇಳುತ್ತಿತ್ತು. ಇಲ್ಲಿ ಕೇಳುತ್ತಿರುವುದು ಸಖೆಜ್‌ನ ಒಂದು ಮನೆ. 2023ರ ಡಿಸೆಂಬರ್‌ನಲ್ಲಿ ಮಗಳಿಗೆ ಬಂದ, ಯುರೋಪಿನ ಸಂಸತ್ತು ಕೊಡುವ ಸಖಾರೊವ್ ಪ್ರಶಸ್ತಿ ತರಲು ಹೊರಟ ಅವಳ ಅಪ್ಪ, ಅಮ್ಮ, ತಮ್ಮನನ್ನು ವಿಮಾನ ಹತ್ತಲೂ ಬಿಡಲಿಲ್ಲ. ಪಾಸ್‌ಪೋರ್ಟ್ ಕಿತ್ತುಕೊಂಡರು.

ಇನ್ನೊಂದು ಸಣ್ಣ ವಿಷಯ, ಗುಮಾಸ್ತನ ಕುತೂಹಲ. ರಿಜಿಸ್ಟರಿನಲ್ಲಿ ಅವಳ ಹೆಸರು ಏನಂತ ಬರೆದಿದ್ದೀರಿ? ಸರ್ಕಾರಿ ಕಾಗದದಲ್ಲಿ ಮಹ್ಸಾ. ಮನೆಯಲ್ಲಿ ಕರೆಯುತ್ತಿದ್ದದ್ದು ಜೀನಾ, ಕುರ್ದಿಶ್ ಹೆಸರು. ಸಮಾಧಿ ಕಲ್ಲಿನ ಮೇಲೂ ಜೀನಾ ಅನ್ನುವ ಹೆಸರಿದೆ. ನಮ್ಮ ರಿಜಿಸ್ಟರಿನಲ್ಲಿ ಕೊನೆಯ ಕಾಲಂ ‘ನಕಲು ಪಡೆದವರ ಸಹಿ’. ನಿಮ್ಮದರಲ್ಲೂ ಇರಬೇಕು. ಅವಳ ಸಾಲಿನ ಮುಂದೆ ಅಮ್ಜದ್ ಅಮೀನಿ ಅವರ ಸಹಿ ಇದೆಯೇ, ದಯವಿಟ್ಟು ನೋಡಿ ತಿಳಿಸಿ.

ಇಂತಿ,
ಒಬ್ಬ ನಿವೃತ್ತ ಗುಮಾಸ್ತ